ಉಗುರಿನ ನೀಲಿ

ಮೂರು ತಿಂಗಳ ಬಾಡಿಗೆ ಪಾಲಿಕೆಯವರೇ ಕೊಡುತ್ತಾರಂತೆ.
ಮೂರೇ.
ಬೀದಿ ನಲ್ಲಿಯ ಹತ್ತಿರ ಸುದ್ದಿ ತಂದವಳು ತಾಯಕ್ಕ.
ಕೊಡ ತುಂಬುವುದರೊಳಗೆ ಅದು
ಆರಾಯಿತು, ವರ್ಷವಾಯಿತು,
ಕೊಡ ಸೊಂಟಕ್ಕೇರುವಾಗ ಮತ್ತೆ ಮೂರಕ್ಕೇ ಬಂತು.

ಮುಂಡರಗಿ ಕಡೆಯ ವಾಷಿಂಗ್ ಘಟಕಕ್ಕೆ ಬೀಗ ಬಿದ್ದ ಮೇಲೆ
ಕೌಲ್ ಬಜಾರಿನ ಮಿಷನ್ನುಗಳು ಒಂದೊಂದಾಗಿ ಸುಮ್ಮನಾದವು.
ನಾನು ಹೊಲಿಯುತ್ತಿದ್ದದ್ದು ಜೀನ್ಸಿನ ಜೇಬು,
ಬಲಗಡೆಯದು ಮಾತ್ರ.
ಹನ್ನೊಂದು ವರ್ಷದಲ್ಲಿ ಎಷ್ಟು ಬಲಜೇಬು ಹೊಲಿದೆನೋ,
ಯಾವ ಯಾವ ಊರಿನ ಗಂಡಸರು ಅದರೊಳಗೆ
ಬಾಡಿಗೆ ದುಡ್ಡಿಟ್ಟುಕೊಂಡು ನಡೆದರೋ.
ಈಗ ಉಗುರಿನ ಬುಡದಲ್ಲಿ ಬಿಳಿ ಹುಟ್ಟುತ್ತಿದೆ,
ಮುಂದಿನ ಅರ್ಧ ಇನ್ನೂ ನೀಲಿ.
ವಾರಕ್ಕೊಮ್ಮೆ ಬ್ಲೇಡಿಗೆ ಸಿಕ್ಕಿ ಒಂದು ಎಳೆ ಉದುರುತ್ತದೆ.
ಕೆಲಸ ಹೋಗಿ ಎಷ್ಟು ದಿನವಾಯಿತೆಂದು
ಕ್ಯಾಲೆಂಡರ್ ನೋಡುವುದಿಲ್ಲ ನಾನು.

ಪಾಲಿಕೆಯ ಎರಡನೇ ಮಹಡಿ. ಫ್ಯಾನಿನ ಗಾಳಿ
ಫೈಲುಗಳಿಗೆ ಮಾತ್ರ.
ಎರ್ರಿಸ್ವಾಮಿ ಸರ್ ಕೆಟ್ಟವರಲ್ಲ,
ಊಟ ತಡವಾದವರು, ಅಷ್ಟೇ.
ತಲೆ ಎತ್ತದೆ ಇಂಕಿನ ಡಬ್ಬಿ ನನ್ನ ಕಡೆ ದೂಡಿದರು.
“ಪೆನ್ನು ಕೊಡ್ರಿ” ಅಂದೆ.
ಆಗ ತಲೆ ಎತ್ತಿದರು.

“ಕೆಲಸ ಹೋಗಿದ್ದಕ್ಕ ಕಾಗದ?”
ಕೆಲಸ ಇದ್ದದ್ದಕ್ಕೇ ಕಾಗದ ಇರಲಿಲ್ಲ ಸರ್.
ಕೈ ಚಾಚಿದೆ. ಹತ್ತೂ ಉಗುರು ನೋಡಿದರು.
ಅವರ ಜೇಬಿನ ಕೆಳಗೂ ಪೆನ್ನು ಸೋರಿದ ನೀಲಿ.
“ಇದು ನಮೂನೆಯೊಳಗ ಬರಂಗಿಲ್ಲವ್ವ.
ಬಾಡಿಗೆ ಕರಾರು ಐತೇನು?”

ಕರಾರು ಇತ್ತು.
ರಮೀಜಾಬಿ ಬೀಗದ ಕೈ ಕೊಟ್ಟ ದಿನ ಹೇಳಿದ್ದು:
“ಮಳಿಗಾಲದಾಗ ಬಾಗಿಲ ಉಬ್ಬತೈತಿ ಬೇಟಿ,
ಮ್ಯಾಲೆ ಎತ್ತಿ ದೂಡು. ಒದಿಬ್ಯಾಡ.”
ಇಬ್ಬರೂ ಇವತ್ತಿನವರೆಗೆ ಮುರಿದಿಲ್ಲ.
ಎರಡು ತಿಂಗಳಿಂದ ಮಾತ್ರ
ಬಾಡಿಗೆ ಕೇಳಲು ಬಂದವಳು
ಕೊತ್ತಂಬರಿ ಐತೇನು ಎಂದು ಕೇಳಿ ಹೋಗುತ್ತಾಳೆ.
ಅವಳ ಸಕ್ಕರೆ ಗುಳಿಗೆ ಈಗ ದಿನ ಬಿಟ್ಟು ದಿನ.
ನಮ್ಮ ನಡುವಿನ ಗೋಡೆ ತೆಳುವು,
ಗುಳಿಗೆಯ ಹಾಳೆ ಒಡೆಯುವ ಸದ್ದು
ಕೇಳದ ರಾತ್ರಿ ನನಗೆ ಗೊತ್ತಾಗುತ್ತದೆ.

ನಮೂನೆಯ ಕೊನೆಗೆ ಒಂದೇ ಸಾಲಿನಲ್ಲಿ ಎರಡು ಚೌಕ,
ಬಾಡಿಗೆದಾರರು, ಮಾಲೀಕರು.
ಸಹಿ ಹಾಕಿದರೆ ಕಂದಾಯದವರು ಬರ್ತಾರೆಂದು
ಅಳಿಯ ಫೋನಿನಲ್ಲಿ ಹೆದರಿಸಿದ.
ಎರಡು ದಿನ ಕಾಗದ ಅವಳ ಕುಕ್ಕರಿನ ಕೆಳಗಿತ್ತು,
ಮೂರನೆಯ ದಿನ ಕನ್ನಡಕ ಹುಡುಕಿದಳು.
ನಾನು ಎಡದಿಂದ ಬರೆದಿದ್ದೆ, ಪಕ್ಕೀರಮ್ಮ.
ಅವಳು ಆ ತುದಿಯಿಂದ ಶುರು ಮಾಡಿದಳು,
ಉರ್ದುವಿನಲ್ಲಿ, ಉಸಿರು ಹಿಡಿದು,
ಬಂದು ಬಂದು ನನ್ನ ಮ ಒತ್ತಿನ ಹತ್ತಿರ ನಿಂತಳು.
ಎರಡು ಕಡೆಯಿಂದ ಹೊಲಿದು ತಂದ ಹೊಲಿಗೆ,
ನಡುವೆ ಒಂದು ದಾರದಷ್ಟು ಜಾಗ.
“ಕೂಡಸಬಾರದೇನು?”
“ಚೌಕ ಬ್ಯಾರೆ ಬ್ಯಾರೆ ಖಾಲಾ” ಅಂದೆ.

ಒಂದನೇ ತಿಂಗಳದ್ದು ಬಂತು.
ಎರಡನೆಯದು, ಆಧಾರಿನಲ್ಲಿ ನಾನು ಫಕ್ಕೀರಮ್ಮ ಆಗಿದ್ದರಿಂದ
ಎಲ್ಲೆಲ್ಲೋ ತಿರುಗಿ
ಹದಿನೇಳು ದಿನ ತಡವಾಗಿ ಬಂತು.
ಆ ರಾತ್ರಿ ಗೋಡೆಯಾಚೆ ಹಾಳೆ ಒಡೆದ ಸದ್ದಿಗೆ
ನನಗೂ ನಿದ್ದೆ ಹತ್ತಿತು.

ಇವತ್ತು ಮೂರನೆಯದಕ್ಕೆ ಬಂದಿದ್ದೇನೆ.
ಎರ್ರಿಸ್ವಾಮಿ ಸರ್ ಊಟಕ್ಕೆ ಹೋಗಿದ್ದಾರೆ, ಒಳ್ಳೆಯದೇ ಆಯಿತು.
ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗಿ,
ಹತ್ತೊಂಬತ್ತಿರಬಹುದು,
ಬೆರಳ ತುಂಬ ನೀಲಿ, ನಿನ್ನೆ ಮೊನ್ನೆಯದು.
“ಎಷ್ಟು ತಿಂಗಳ ಕೊಡ್ತಾರಕ್ಕ?”
ಮೂರು ಅನ್ನಬೇಕು.
ನನ್ನ ಹೆಬ್ಬೆರಳಿನ ತುದಿಯಲ್ಲಿ ಉಳಿದದ್ದು ಕೂದಲೆಳೆಯಷ್ಟು.
“ನಿಂದು ಯಾವ ಕಡೆ ಜೇಬು?” ಕೇಳಿದೆ.
“ಎಡಗಡೆದು” ಅಂದಳು.