ನಾಲ್ಕು ಕಟ್ಟಿಗೆ ಎಂಟು ಕಡಿಮೆ

ಮೂಗುತಿ ಬಿಚ್ಚಲು ಸೋಪು ಬೇಕಾಯಿತು.
ಕರಿಮಣಿ, ಬೆಂಡೋಲೆ, ಜಡೆಯ ಎರಡು ಪಿನ್ನು
ಎಲ್ಲ ತಟ್ಟೆಗೆ ಬಿದ್ದ ಮೇಲೆ
"ಇನ್ನೇನಾದರೂ ಕಬ್ಬಿಣದ್ದು?" ಎಂದೆ.
ದೇಜಮ್ಮ ನಾಚಿ, ಸೊಂಟದ ಸೆರಗು ಸಡಿಲಿಸಿ
ಎಲೆ ಕತ್ತರಿಸುವ ಕತ್ತರಿ ತೆಗೆದುಕೊಟ್ಟಳು.
ಅದು ಆ ಕೋಣೆ ಹೊಕ್ಕಿದ್ದರೆ
ಹಕ್ಕಿಯಾಗುತ್ತಿತ್ತು. ಹೇಳಲಿಲ್ಲ ನಾನು.

ಕಂಕನಾಡಿಯ ಆಸ್ಪತ್ರೆ, ನೆಲದಡಿಯ ಅಂತಸ್ತು.
ಮೇಲೆ ಎಪ್ರಿಲ್ಲಿನ ಸೆಕೆ, ಸಿಟಿ ಬಸ್ಸುಗಳ ಹಾರ್ನು;
ಇಲ್ಲಿ ಹದಿನೆಂಟು ಡಿಗ್ರಿ, ಮೂರು ಟೆಸ್ಲಾ,
ಹಗಲಿರುಳು ಆರದ ಕಾಂತ.
ಹಳೆಯ ಯಂತ್ರಕ್ಕೆ ದೃಷ್ಟಿ ಮಂದ,
ಹಾಗಾಗಿ ಎಷ್ಟೋ ಕ್ಷಮಿಸುತ್ತಿತ್ತು.
ಇದರ ಕಣ್ಣು ಚುರುಕು:
ಕೂದಲೆಳೆಯಷ್ಟು ತಲೆ ಸರಿದರೂ
ಹಣೆಯ ಹಿಂದೆ ಇನ್ನೊಂದು ಹಣೆ, ಅದರ ಹಿಂದೆ ಮತ್ತೊಂದು,
ಕೊಡದ ನೀರು ತುಳುಕಿದಾಗಿನ ಬಳೆಬಳೆ.

"ತಲೆ ಅಲ್ಲಾಡಿಸಬೇಡಿ, ದೇಜಮ್ಮ."
"ಇಲ್ಲ ಬಾಯಮ್ಮ" ಎಂದು
ತಲೆ ಅಲ್ಲಾಡಿಸಿದಳು.

ಮೊದಲ ಚಿತ್ರ ಕೆಟ್ಟಿತು. ಎರಡನೆಯದೂ.
ಗಾಜಿನಾಚೆ ಬಗ್ಗಿ ನೋಡಿದೆ:
ಹೊಟ್ಟೆಯ ಮೇಲಿನ ಬಿಳಿ ಹೊದಿಕೆಯಡಿ
ಬೆರಳುಗಳು ಸುಮ್ಮನಿಲ್ಲ.
ಎಲೆಯಿಲ್ಲ, ಹೊಗೆಸೊಪ್ಪಿಲ್ಲ, ಮಡಿಲಲ್ಲಿ ತಡ್ಪೆಯಿಲ್ಲ;
ಆದರೂ ಸುತ್ತುತ್ತಿವೆ, ತುದಿ ಮಡಚುತ್ತಿವೆ,
ನೂಲು ಬಿಗಿದಾಗೊಮ್ಮೆ
ಗದ್ದ ಇಷ್ಟೇ ಇಷ್ಟು ಕೆಳಗೆ,
ನಲವತ್ತು ವರ್ಷದ ಹೂಂ.
ಬಲದ ತೋರುಬೆರಳು ಜೋಮು ಹಿಡಿಯುತ್ತದೆಂದೇ
ಬಂದವಳು ಇವಳು,
ಆ ಬೆರಳೂ ಸುತ್ತುತ್ತಿದೆ.

"ಕೈ ನಿಲ್ಲಿಸಿ" ಅಂದರೆ ಉಸಿರೇ ನಿಂತಿತು,
ಆಮೇಲೆ ಇಡೀ ಮೈ ನಡುಗಿತು.
ಬೇಡವೆಂದು ಬಿಟ್ಟೆ.
ಮೂಗುತಿಯ ತೂತಿನ ಪಕ್ಕ
ಕಪ್ಪು ಬಿಳಿ ಚೌಕಳಿಯ ಚೀಟಿಯೊಂದು ಅಂಟಿಸಿದೆ.
ಸುರಂಗದೊಳಗಿನ ಕ್ಯಾಮರಾ ಅದನ್ನೇ ಕಾಯುತ್ತದೆ:
ಆಚೆ ಈಚೆ, ಮೇಲೆ ಕೆಳಗೆ, ಒಳಗೆ ಹೊರಗೆ,
ಮತ್ತೆ ಮೂರು ಬಗೆಯ ತಿರುಗು.
ಆರೇ ಅಂಕಿಯಲ್ಲಿ ಒಂದು ತಲೆಯ ಚಡಪಡಿಕೆ.
ತಲೆ ತಗ್ಗಿದರೆ ಅಳೆಯುವ ಚೌಕಟ್ಟೂ ತಗ್ಗುತ್ತದೆ,
ತಲೆ ಎದ್ದರೆ ಅದೂ ಏಳುತ್ತದೆ.

ಬೀಡಿ ಬ್ರಾಂಚಿನಲ್ಲಿ ಚೆಕ್ಕರು
ಕಟ್ಟು ಬಿಚ್ಚಿ, ಮೂಸಿ, ಹಿಸುಕಿ,
ಸೊಟ್ಟಗಿದ್ದದ್ದನ್ನು ಬದಿಗೆಸೆಯುತ್ತಾನಂತೆ.
ನಾನೂ ಅದೇ ಕೆಲಸದವಳು,
ತೀರಾ ಕೆಟ್ಟ ಸಾಲುಗಳನ್ನು ಎಸೆದು
ಮತ್ತೆ ಅಳೆ ಎಂದು ಯಂತ್ರಕ್ಕೆ ಹೇಳುತ್ತೇನೆ.
ಆದರೂ, ಏಳೆಂಟು ಟನ್ನಿನದೊಂದು
ತಾನು ಹೂಂ ಅಂದಾಗಲೆಲ್ಲ ಜತೆಗೆ ಹೂಂ ಅಂದದ್ದು
ದೇಜಮ್ಮನಿಗೆ ಇದೇ ಮೊದಲೋ ಏನೋ.

ಹೊರಬಂದವಳು ಮೊದಲು ಕತ್ತರಿ ಕೇಳಿದಳು,
ಆಮೇಲೆ ಕರಿಮಣಿ.
"ಎಷ್ಟು ಹೊತ್ತಾಯಿತು?"
"ನಲವತ್ತು ನಿಮಿಷ."
"ಹೌದು, ನಾಲ್ಕು ಕಟ್ಟಿಗೆ ಎಂಟು ಕಡಿಮೆ"
ಎಂದು ಮೆಟ್ಟಿಲು ಹತ್ತಿದಳು, ಲಿಫ್ಟು ಬೇಡವೆಂದು.

ಕಟ್ಟಿಗೆ ಇಪ್ಪತ್ತೈದು.
ಆ ಲೆಕ್ಕ ನನಗೆ ಹೊಳೆದದ್ದು ಸಂಜೆ.
ಚಿತ್ರ ಅಷ್ಟರಲ್ಲಿ ಡಾಕ್ಟರ ಮೇಜಿಗೆ ಹೋಗಿತ್ತು,
ಸ್ವಚ್ಛ, ಒಂದೇ ಹಣೆ,
ಯಾರದೂ ಆಗಬಹುದಾದ ಅಲುಗದ ತಲೆ.
ಅದರಿಂದ ಕಳೆದದ್ದೆಲ್ಲ ಬೇರೊಂದು ಕಡತದಲ್ಲಿ
ಆರು ಗೆರೆಗಳಾಗಿ ಉಳಿಯುತ್ತದೆ.
ಜಾಗ ಸಾಲದೆಂದು ಶನಿವಾರ ಅಳಿಸುತ್ತೇವೆ.

ಇಪ್ಪತ್ತಾರು ಸೆಕೆಂಡಿಗೊಂದು ತಗ್ಗು.
ಪೆನ್ಸಿಲ್ ಹಿಡಿದು ಎಣಿಸಿದೆ: ತೊಂಬತ್ತೊಂದು.
ಒಂದು ಕಡಿಮೆ. ಮತ್ತೆ ಎಣಿಸಿದೆ, ಅಷ್ಟೇ.
ಹದಿನೇಳನೆಯ ನಿಮಿಷದಲ್ಲಿ
ಮೈಕು ಒತ್ತಿ ನಾನೇ ಕೇಳಿದ್ದೆ,
"ಆರಾಮಾ, ದೇಜಮ್ಮ?"
ಅಲ್ಲಿ ಗೆರೆ ಅರ್ಧಕ್ಕೆ ಇಳಿದು ನಿಂತಿದೆ,
ಕೈಯಲ್ಲೇ ಎಲೆ ಹರಿದ ಹಾಗೆ.