ಎಂಟು ಬೆನ್ನು

ಮಾಚೇನಹಳ್ಳಿಯ ನಮ್ಮ ಶೆಡ್ಡಿನ ಗೋಡೆಗೆ
ಔಷಧಿ ಪಂಪಿಗೆ ಸೇರಿಸಬೇಕಾದ ಹದಿನೇಳು ಸಂಗತಿ
ಬರೆದು ಅಂಟಿಸಿದ್ದೆ:
ಮೀಟರು, ದೀಪ, ಬೀಪ್ ಅನ್ನುವ ಗುಂಡಿ.

ರಿಪ್ಪನ್‌ಪೇಟೆಯ ಹೂವಮ್ಮ ಒಂದನ್ನೂ ಮುಟ್ಟಲಿಲ್ಲ.
ಹಳೇ ಲಂಗದ ಅಂಚು ಹರಿದು
ಹಿಡಿಕೆಗೆ ಸುತ್ತಿಕೊಂಡಳು, ಅಷ್ಟೇ.
‘ಬೊಬ್ಬೆ ಬರ್ತದಲ್ಲ ಮಾರಾಯ.’

ಸಂಜೆ ನೆಹರೂ ಕ್ರೀಡಾಂಗಣದಲ್ಲಿ ಮಗಳ ಖೋ ಖೋ.
ಎಲ್ಲರಿಗಿಂತ ಜೋರು ಓಡುತ್ತಾಳೆ,
ಯಾರನ್ನೂ ಎಬ್ಬಿಸುವುದಿಲ್ಲ.
ಕೋಚ್ ಫಿಲೋಮಿನಾ ಬಾಯಿಂದ ಸೀಟಿ ತೆಗೆದು,
‘ಏ ಹುಡುಗಿ, ಎಂಟು ಬೆನ್ನು ಕಾದು ಕೂತಿದಾವೆ,
ಒಂದನ್ನಾದರೂ ಮುಟ್ಟೇ!’

ನನಗೇ ಬೈದಂತಾಯಿತು.

ಬೆಳಿಗ್ಗೆ ಪಟ್ಟಿ ಕಿತ್ತೆ.
ಹದಿನೇಳರಲ್ಲಿ ಹಿಡಿಕೆ ಎಲ್ಲೂ ಇರಲಿಲ್ಲ.
ಲೇತಿನ ಪಕ್ಕ ಟೀ ಊದುತ್ತ ಕೂತಿದ್ದ ಮೆಹಬೂಬನ ಬೆನ್ನು,
ಹೂವಮ್ಮನಿಂದ ಕೇಳಿ ತಂದ ಚಿಂದಿ ಹಿಡಿದ ಕೈಯಲ್ಲೇ,
ಮೆಲ್ಲಗೆ ತಟ್ಟಿದೆ.
‘ಏನ್ ಸಾರ್?’ ಅಂದ.
ಖೋ ಅನ್ನಲು ನಾಚಿಕೆಯಾಯಿತು.