ಸೊನ್ನೆಯಿಂದ ಎಣಿಸುವುದು

ಬೆಳಕು ಹರಿಯುವ ಮೊದಲೇ ಗಿಡಗಳ ನಡುವೆ ಮಾಯಿ,
ಟಾರ್ಚು ಹಿಡಿದು ಹಿಂದೆ ನಾನು.
ಕೊಯ್ದು ಬಂದು ಜಗಲಿಯಲ್ಲಿ ಕೂತರೆ
ನೆನೆದ ಬಾಳೆನಾರು, ಮಾಯಿಯ ಹೆಬ್ಬೆರಳು,
ಎರಡು ಇತ್ತ, ಎರಡು ಅತ್ತ, ಒಂದು ಗಂಟು.
ತುಟಿಯೊಳಗೇ ಏಕ್, ದೋನ್, ತೀನ್, ಚಾರ್.
ಎಂಟುನೂರು ಮೊಗ್ಗಿಗೆ ಒಂದು ಚೆಂಡು,
ನಾಲ್ಕು ಚೆಂಡಿಗೆ ಒಂದು ಅಟ್ಟೆ,
ಅಟ್ಟೆಗೆ ಇವತ್ತು ಎಷ್ಟು ಎಂಬುದು
ಶಂಕರಪುರದ ಕಟ್ಟೆಗೆ ಗೊತ್ತು, ನಮಗಲ್ಲ.
ಏಳು ಐವತ್ತಕ್ಕೆ ನನ್ನ ಬಸ್ಸು.

ಹತ್ತನೆಯವರೆಗೆ ನನಗೆ ವಿಜ್ಞಾನ ಕನ್ನಡದಲ್ಲಿತ್ತು.
ವೇಗೋತ್ಕರ್ಷ ಎಂದರೆ ಬಾಯಿ ತುಂಬುತ್ತಿತ್ತು.
ಲೋಲಕ ಎಂದರೆ ಸಾಕು, ಅದರಷ್ಟಕ್ಕೇ ತೂಗುತ್ತಿತ್ತು.
ಜೂನ್ ತಿಂಗಳ ಒಂದು ಸೋಮವಾರ
ಉಡುಪಿಯ ಕಾಲೇಜಿನ ಮೂರನೇ ಮಾಳಿಗೆಯಲ್ಲಿ
ಎಲ್ಲವೂ ಹೆಸರು ಬದಲಾಯಿಸಿಕೊಂಡು ಕೂತಿದ್ದವು,
ಮದುವೆಯಾಗಿ ಬೇರೆ ಊರು ಸೇರಿದ ಅಕ್ಕಂದಿರ ಹಾಗೆ:
ಮುಖದ ಗುರುತು ಹತ್ತುತ್ತದೆ, ಕರೆಯುವುದು ಹೇಗೆ?

ಫಸ್ಟ್ ಪಿಯುಸಿಯಲ್ಲಿ ಕಲಿತದ್ದು ಏನೆಂದರೆ,
ಬ್ಯೂರೆಟ್ಟಿನ ನೀರನ್ನು ಬಗ್ಗಿ ನೋಡಬೇಕು, ನಿಂತು ಅಲ್ಲ.
ಗುಲಾಬಿ ಬಂತೋ ಇಲ್ಲವೋ ಎನ್ನುವಲ್ಲಿ ನಲ್ಲಿ ತಿರುಗಿಸಬೇಕು,
ಒಂದು ಹನಿ ಹೆಚ್ಚಾದರೆ ರೋಸ್ ಶರಬತ್ತು,
ಅಟೆಂಡರ್ ತ್ಯಾಂಪಣ್ಣನ ನಗು.
ಮತ್ತೆ, ಕೊಳೆತ ಮೊಟ್ಟೆಯ ಆ ಗ್ಯಾಸಿನ ನಡುವೆಯೂ
ನನ್ನ ಬೆರಳು ಮೂಸಿದರೆ ಮಲ್ಲಿಗೆಯೇ.

ಪೆಂಡುಲಮ್ಮಿನ ದಿನ ನನ್ನ ಜೊತೆ ನಿಹಾರಿಕಾ ಪೈ.
ಅವಳ ಕೈಯಲ್ಲಿ ಸ್ಟಾಪ್ ವಾಚು, ಎಣಿಸುವುದು ನಾನು.
ಗುಂಡು ಬಿಟ್ಟ ಕೂಡಲೇ ಒಂದು, ಎರಡು, ಮೂರು...
ಇಪ್ಪತ್ತಕ್ಕೆ ಮೂವತ್ತೆಂಟು ಸೆಕೆಂಡು.
ಮೂರು ಸಲವೂ ಮೂವತ್ತೆಂಟೇ, ತಪ್ಪುವ ಹಾಗೇ ಇಲ್ಲ.
ಲೆಕ್ಕ ಮಾಡಿದರೆ ಗುರುತ್ವ ಹತ್ತು ಬಿಂದು ಎಂಟು ಆರು.

"ಒಂಬತ್ತು ಬಿಂದು ಎಂಟು ಬರೆ ಮಾರಾಯ್ತಿ, ಎಲ್ಲರೂ ಬರೆಯೂದು ಅದೇ."
ಬರೆದೆ. ಅಳಿಸಿದಲ್ಲಿ ರೆಕಾರ್ಡಿನ ಹಾಳೆ
ಈರುಳ್ಳಿ ಸಿಪ್ಪೆಯಷ್ಟು ತೆಳುವಾಯಿತು.

ವಾರಿಜಾಕ್ಷಿ ಮೇಡಮ್ ಆ ತೆಳುವಿನ ಮೇಲೇ ಬೆರಳಿಟ್ಟರು.
"ಪ್ರೆಸಿಲ್ಲಾ, ಮೇಲೆ ಮೂವತ್ತೆಂಟು, ಕೆಳಗೆ ಒಂಬತ್ತು ಬಿಂದು ಎಂಟು.
ನಡುವೆ ಯಾರು ಬಂದು ಹೋದದ್ದು?"
ಕೊನೆಗೆ ನಿಜ ಹೇಳಿದೆ.
"ಹತ್ತು ಬಿಂದು ಎಂಟು ಆರು!
ಉಡುಪಿಯಲ್ಲಿ ಭೂಮಿ ಸ್ವಲ್ಪ ಜಾಸ್ತಿ ಎಳೀತದಾ ಹಾಗಾದ್ರೆ?"
ಬೈಯಲಿಲ್ಲ. ಗುಂಡನ್ನು ಕೈಗೆ ಕೊಟ್ಟು, "ಎಣಿಸು, ನಾ ಕೇಳ್ತೇನೆ."
ಬಿಟ್ಟೆ. ಒಂದು,
"ಏನು ಒಂದು?" ಎಂದರು.
"ಹೋಗಿ ಬಂತಾ? ಬರಲಿ. ಆಮೇಲೆ ಒಂದು.
ಈಗ ಸೊನ್ನೆ."

ಇಪ್ಪತ್ತು ಎಂದು ನಾನು ಕೂಗಿದ್ದು ಹತ್ತೊಂಬತ್ತನ್ನು.
ಸುಳ್ಳು ಬರೆಯದೆ ಇದ್ದಿದ್ದರೆ
ತಪ್ಪು ತಾನಾಗಿ ಎದ್ದು ಕಾಣುತ್ತಿತ್ತು,
ಮುಚ್ಚಿದ್ದು ಅದನ್ನೇ.

ಬಸ್ಸಿನಲ್ಲಿ ಕಟಪಾಡಿಯವರೆಗೂ ಯೋಚಿಸಿದೆ.
ಮಾಯಿ ಒಂದರಿಂದ ಶುರು ಮಾಡಿದರೆ ತಪ್ಪಿಲ್ಲ,
ಕೈಯಲ್ಲಿರುವ ಮೊಗ್ಗು ಕೈಯಲ್ಲಿರುವ ಮೊಗ್ಗೇ.
ಸಮಯ ಹಾಗಲ್ಲ. ಕಳೆದ ಮೇಲಷ್ಟೇ
ಒಂದು ಎನ್ನಬಹುದು ಅದನ್ನು.
ಇಷ್ಟನ್ನು ಕನ್ನಡದಲ್ಲಿ ಯೋಚಿಸಿದೆನೋ, ಕೊಂಕಣಿಯಲ್ಲೋ,
ಇಳಿದ ಮೇಲೆ ನೆನಪಾಗಲಿಲ್ಲ.

ಮರುದಿನ ನಾರು ಹಿಡಿದು ನಾನೇ ಶುರು ಮಾಡಿದೆ: "ಸೊನ್ನೆ."
ಮಾಯಿ ತಲೆಯೆತ್ತಿದಳು.
"ಸೊನ್ನೆಗೆ ಕಟ್ಟೆಯಲ್ಲಿ ಯಾರು ದುಡ್ಡು ಕೊಡ್ತಾರೆ?"
ನಕ್ಕಿದ್ದಕ್ಕೆ ಅವಳ ಲೆಕ್ಕ ತಪ್ಪಿತು,
ಮುನ್ನೂರ ಹನ್ನೆರಡೋ, ಹದಿನಾರೋ.
ಕಟ್ಟಿದ್ದನ್ನೆಲ್ಲ ಮತ್ತೆ ಮೊದಲಿನಿಂದ
ಬೆರಳಲ್ಲಿ ಸರಿಸಿ ಎಣಿಸಿದಳು,
ಕಣ್ಣಂದಾಜಿನಲ್ಲಿ ಬಿಡಲಿಲ್ಲ.

ಮೊಳೆಗೆ ನೇತುಹಾಕಿದ ಮಾಲೆ
ನನ್ನ ಚೀಲ ತಾಗಿ ತೂಗತೊಡಗಿತು.
ರಸ್ತೆಯ ತಿರುವಿನಲ್ಲಿ ಹಾರ್ನು.
ಹೊಸಿಲಲ್ಲಿ ಒಂದು ಕಾಲು ಇಟ್ಟು ನಿಂತೆ,
ಹೋಗಿ, ಬರಲಿ.